ನಾಲ್ಕು ಪಾತಿ, ಎರಡು ಮನೆ

ತಾಳವಾಡಿಯ ಈ ಕೆಮ್ಮಣ್ಣಿನ ಹಿತ್ತಲಲ್ಲಿ
ನಮ್ಮತ್ತೆಗೆ ನಾಲ್ಕು ಪಾತಿ ಇದ್ದವು.
ಒಂದರಲ್ಲಿ ಬೀಟ್‌ರೂಟು, ಒಂದರಲ್ಲಿ ಅವರೆ,
ಒಂದರಲ್ಲಿ ಅಂಗೈಯಗಲ ರಾಗಿ,
ಕೊನೆಯದರಲ್ಲಿ ಚೆಂಡುಹೂವು.
ಯುಗಾದಿ ಕಳೆದರೆ ಎಲ್ಲವೂ ಒಂದೊಂದು ಮನೆ ಮುಂದಕ್ಕೆ,
ಚೌಕಾಬಾರದ ಕಾಯಿಗಳ ಹಾಗೆ.

ಬೀಟ್‌ರೂಟು ಕಿತ್ತ ಜಾಗಕ್ಕೆ ಪಾಲಕ್ ಹಾಕಹೋದ ನನ್ನ ಕೈ ತಡೆದು
"ಅದೂ ಇದೂ ಒಂದೇ ಬೆಡಗು ಕಣೇ,
ದಂಟೂ ಅಷ್ಟೇ. ಒಳಗೊಳಗೇ ಕೊಟ್ಟು ತಂದರೆ
ವಂಶ ನವೆಯುತ್ತೆ" ಅಂದಿದ್ದಳು.
ನಾನು ಹಸಿ ಸಗಣಿ ಸುರಿದ ವರ್ಷ
ಗೆಡ್ಡೆಗಳು ಕವಲೊಡೆದು ಬಂದವು,
ಚಡ್ಡಿ ಹಾಕಿದ ಎರಡೆರಡು ಕಾಲು.
"ಎರಡು ಮಳೆ ಕಂಡ ಗೊಬ್ಬರ ಹಾಕು" ಅಂತ ಬೈದು,
ಅವನ್ನೇ ಜಗಲಿಯ ಮೇಲೆ ನಡೆಸಾಡಿಸಿ
ಮಲ್ಲುವನ್ನು ನಗಿಸಿದಳು.

ಅವಳು ಹೋದ ಮೇಲೆ ಭಾಗವಾಯಿತು.
ಪಟ್ಟಾ ತಮಿಳಲ್ಲಿ, ಜಗಳ ಕನ್ನಡದಲ್ಲಿ.
ಸರ್ವೆಯವನ ಸರಪಳಿ ಸೌದೆ ಒಟ್ಟಿಲಿನಿಂದ ಹೊರಟು
ಹಿತ್ತಲ ನಡುವೆ ಹಾದುಹೋಗಿ
ಎರಡು ಪಾತಿ ನನಗೆ, ಎರಡು ಓರಗಿತ್ತಿ ದುಂಡಮ್ಮನಿಗೆ.
ಅತ್ತೆಯ ಬುಗುಡಿ ಯಾರಿಗೆ ಅನ್ನುವಲ್ಲಿಗೆ
ಮಾತು ನಿಂತಿತು.

ಎರಡೇ ಪಾತಿಯಲ್ಲಿ ಎಷ್ಟು ಅಂತ ತಿರುಗುವುದು?
ಈ ವರ್ಷ ಅಲ್ಲಿ, ಬರುವ ವರ್ಷ ಇಲ್ಲಿ, ಮತ್ತೆ ಅಲ್ಲಿ.
ಮಣ್ಣು ಹಳೆಯ ಬೇರನ್ನು ಮರೆಯುವ ಮೊದಲೇ
ಅದೇ ಬೇರು ಬಂದು ಬಾಗಿಲು ತಟ್ಟಿದರೆ
ಏನು ತಾನೇ ಬಡಿಸೀತು?
ಮೂರನೇ ವರ್ಷ ಎಲೆ ತುಂಬ ಚುಕ್ಕೆ,
ನಶ್ಯದ ಕೈ ಒರೆಸಿಟ್ಟ ಹಾಗೆ.
ಕೊಯ್ದರೆ ಗೆಡ್ಡೆಯ ನಡುವೆ ಕಪ್ಪು.
ಬೂದಿ ಉದುರಿಸಿದೆ. ಕೃಷಿ ಕಚೇರಿಯ ಹುಡುಗಿ ಹೇಳಿದಳೆಂದು
ಮಲ್ಲುವಿನ ಕೇರಂ ಬೋರ್ಡಿನ ಪುಡಿ
ಒಂದೇ ಚಿಟಿಕೆ, ಬಿಂದಿಗೆ ನೀರಿಗೆ ಕದಡಿ ಚಿಮುಕಿಸಿದೆ.
ಕಪ್ಪು ಕಮ್ಮಿಯಾಯಿತು, ಹೌದು.
ಗೆಡ್ಡೆ ಮಾತ್ರ ನೆಲ್ಲಿಕಾಯಿ ದಾಟಲಿಲ್ಲ.
ಮಲ್ಲು ವಾರವಿಡೀ ಒಣ ಬೋರ್ಡಲ್ಲಿ ಸೋತ.

ಗೆರೆಯಾಚೆ ದುಂಡಮ್ಮ ತಿಪ್ಪೆಗೆ ಎಸೆದ ಸೊಪ್ಪು ನೋಡಿದೆ.
ಅದೇ ಚುಕ್ಕೆ.
ಸಂತೋಷವಾಗಲಿಲ್ಲ ಅಂತ ಸುಳ್ಳು ಹೇಳಲಾರೆ.
ಒಂದು ಗಳಿಗೆ.

ಬೀಟ್‌ರೂಟಿನ ಬೀಜ ನೋಡಿದ್ದೀರಾ?
ಒರಟು, ಗಂಟು ಗಂಟು. ಒಂದು ಅಂತ ಊರಿದ್ದು
ಮೂರಾಗಿ ಏಳುತ್ತದೆ, ಒಂದೇ ಗುಣಿಯಲ್ಲಿ
ಕೊರಳಿಗೆ ಕೊರಳು ತಿಕ್ಕಿಕೊಂಡು.
ಎರಡನ್ನು ಚಿವುಟಲೇಬೇಕು. ನನಗೆ ಕೈ ಬರುವುದಿಲ್ಲ;
ಅತ್ತೆ ಚಿವುಟಿದ್ದನ್ನೂ ಸಾರಿಗೆ ಹಾಕುತ್ತಿದ್ದಳು.

ಮತ್ತೆ ಪಾತಿ ಅಗೆಯುತ್ತಿದ್ದೆ. ಗೆರೆಯ ಮೇಲೊಂದು ನೆರಳು.
"ಬೀಟ್‌ರೂಟು ಈ ಕಡೆ ಹಾಕು," ಅಂದಳು ದುಂಡಮ್ಮ,
ಮುಖ ಮುಳ್ಳುಬೇಲಿಯ ಕಡೆ. "ಮೂಲೇದು ಅದರ ಬೇರು ಕಂಡು
ನಾಲ್ಕು ವರ್ಷ ಆಯ್ತು. ಇಬ್ಬರಿಗೂ ಒಂದು ಪಾತಿ ಸಾಕು.
ನನ್ನ ಅವರೆ ನಿನ್ನಲ್ಲಿಗೆ ಬರಲಿ."
ಮೂರು ವರ್ಷದಲ್ಲಿ ಅದೇ ಮೊದಲ ಮಾತು.
ಹೂಂ ಅಂದದ್ದು ನಾನೋ ಗುದ್ದಲಿಯೋ.

ಈಗ ನನ್ನ ಬೀಟ್‌ರೂಟಿಗೆ ಅವಳು ನೀರು ಹೊಯ್ಯುತ್ತಾಳೆ.
ಅವಳ ಅವರೆಯ ಹುಳು ನಾನು ಆಯುತ್ತೇನೆ.
ಕಾಯಿ ಮುಗಿದಾಗ ಗಿಡವನ್ನು ಬುಡಕ್ಕೆ ಕೊಯ್ದೆವು,
ಬೇರು ಮಣ್ಣಿಗೇ ಇರಲಿ ಅಂತ.
ಕೈತಪ್ಪಿ ಒಂದು ಬುಡಸಹಿತ ಕಿತ್ತು ಬಂತು:
ಬೇರಿನುದ್ದಕ್ಕೂ ಪುಟ್ಟ ಗಂಟು,
ಬುಗುಡಿಯ ಮುತ್ತಿನಷ್ಟೇ.
ಇಬ್ಬರೂ ನೋಡಿದೆವು.
ಇಬ್ಬರೂ ಹೇಳಲಿಲ್ಲ.
ಅವಳು ಅದನ್ನು ಮತ್ತೆ ಹೂತು ಮಣ್ಣು ಒತ್ತಿದಳು.

ಯುಗಾದಿ ಹತ್ತಿರ ಬಂತು.
ಚೆಂಡುಹೂವು ಯಾರ ಕಡೆ ಅಂತ ಇನ್ನೂ ಮಾತಾಗಿಲ್ಲ.
ಸರ್ವೆಯವನು ನೆಟ್ಟ ಕಲ್ಲೊಂದು
ಹೋದ ಮಳೆಗೆ ವಾಲಿದೆ.
ಎತ್ತಿ ನಿಲ್ಲಿಸೋಣ ಅಂದುಕೊಂಡೆ.
ಬೀಜ ನೆನೆಹಾಕುವುದಿತ್ತು.